ಸಹಾಯ ಬೇಕು: ಡಿಸ್ಕ್ 100%, ವಿಂಡೋಸ್‌ನ ಸಿಸ್‌ಮೇನ್ ಸರ್ವಿಸ್ ನಿಲ್ಲಿಸಬಹುದಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ. ಕಂಪ್ಯೂಟರ್ ವಿಂಡೋಸ್ 10, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಬೆಳಿಗ್ಗೆ ಆನ್ ಮಾಡಿದರೆ ತುಂಬಾ ಹೊತ್ತು ಏನೂ ತೆರೆಯುವುದಿಲ್ಲ. ಪಹಣಿ ಪ್ರಿಂಟ್‌ಗೆ ಬಂದವರು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಟಾಸ್ಕ್ ಮ್ಯಾನೇಜರ್ ನೋಡಿದೆ. ಸಿಪಿಯು 10% ಕೂಡ ಇಲ್ಲ, ಡಿಸ್ಕ್ ಮಾತ್ರ 100%. ಮೇಲ್ಗಡೆ 'ಸರ್ವಿಸ್ ಹೋಸ್ಟ್: ಸಿಸ್‌ಮೇನ್' ಅಂತ ಇದೆ. ಸ್ಟಾರ್ಟಪ್‌ನಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿದೆ, ವೈರಸ್ ಸ್ಕ್ಯಾನ್ ಕೂಡ ಆಯಿತು. ಎಂಡ್ ಟಾಸ್ಕ್ ಕೊಟ್ಟರೆ ಸ್ವಲ್ಪ ಹಗುರ, ರೀಸ್ಟಾರ್ಟ್ ಆದರೆ ಮತ್ತೆ ಅದೇ ಗೋಳು. ರಿಪೇರಿಯವರು ಸುಮ್ನೆ ಫಾರ್ಮ್ಯಾಟ್ ಮಾಡಿಸಿ ಅಂತಾರೆ.

ಜಾಸ್ತಿ ಬಳಸುವ ಪ್ರೋಗ್ರಾಂಗಳನ್ನು ಮೊದಲೇ ಮೆಮೊರಿಗೆ ತರುವುದು ಸಿಸ್‌ಮೇನ್ ಕೆಲಸವಂತೆ. ವೇಗ ಹೆಚ್ಚಿಸಬೇಕಾದ್ದೇ ಹೀಗೆ ಕಾಡಿದರೆ? ಸರ್ವಿಸಸ್‌ಗೆ ಹೋಗಿ ಪೂರ್ತಿ ಡಿಸೇಬಲ್ ಮಾಡಿದರೆ ತೊಂದರೆ ಇದೆಯಾ, ಅಥವಾ ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಡ್ರೈವ್ ಹಾಕಿಸುವುದೇ ದಾರಿಯಾ? ಗೊತ್ತಿದ್ದವರು ಹೇಳಿ.