ಗ್ರಾಫಿಕ್ ನಾವೆಲ್‌ಗೆ ಏನನ್ನೋಣ? ಅದರ ಚೌಕಗಳ ನಡುವಿನ ಸಂದಿಗೆ ಏನನ್ನೋಣ?

ಗೆಳೆಯರೇ,

ಒಂಬತ್ತನೇ ತರಗತಿಯ ಮಕ್ಕಳ ಜೊತೆ ಗ್ರಾಫಿಕ್ ನಾವೆಲ್, ಅಂದರೆ ಕಾಮಿಕ್ಸ್‌ನ ಹಾಗೆ ಸಾಲು ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕ, ಓದುತ್ತಿದ್ದೇನೆ. ಮಾತೆಲ್ಲ ಕನ್ನಡದಲ್ಲೇ. ಪುಟ ತೋರಿಸಿ ಏನಾದರೂ ಹೇಳಬೇಕೆಂದರೆ ಪದಗಳು ಬೇಕು, ಅಲ್ವಾ? ನಾನು ಸಿಕ್ಕಿಹಾಕಿಕೊಂಡಿರುವುದು ಅಲ್ಲೇ. ಇಡೀ ಪುಸ್ತಕಕ್ಕೆ ಒಂದು ಪದ ಬೇಕು, ಪುಟದ ಮೇಲಿನ ಒಂದೊಂದು ಚೌಕಕ್ಕೆ ಒಂದು, ಎರಡು ಚೌಕಗಳ ನಡುವೆ ಉಳಿಯುವ ಖಾಲಿ ಪಟ್ಟಿಗೆ ಒಂದು. ನನ್ನ ನಿಜವಾದ ಪ್ರಶ್ನೆ ಮೂರನೆಯದು. ಆದರೆ ಮೊದಲಿನ ಎರಡರಲ್ಲೂ ತೊಡಕಿದೆ.

ಪುಸ್ತಕಕ್ಕೆ ಮೊದಲು ನೆನಪಾಗುವ ಹೆಸರು ಚಿತ್ರಕಥೆ. ಒಳ್ಳೆಯ ಪದ, ಆದರೆ ಸಿನಿಮಾದವರು ಅದನ್ನು ಯಾವತ್ತೋ ತಮ್ಮದು ಮಾಡಿಕೊಂಡಿದ್ದಾರೆ. 'ಕಥೆ, ಚಿತ್ರಕಥೆ, ಸಂಭಾಷಣೆ' ಎಂದು ತೆರೆಯ ಮೇಲೆ ಓದಿ ಬೆಳೆದವರಿಗೆ ಅದು ಸ್ಕ್ರೀನ್‌ಪ್ಲೇ. ಉಳಿದವರಿಗೆ ಅಮರ ಚಿತ್ರಕಥೆ ನೆನಪಾಗುತ್ತದೆ, ಆಗ ಇದು ಚಿಕ್ಕ ಮಕ್ಕಳ ಪುಸ್ತಕ ಅನ್ನಿಸಿಬಿಡುತ್ತದೆ. ಹದಿನಾಲ್ಕು ವರ್ಷದವರಿಗೆ ಚಿಕ್ಕ ಮಕ್ಕಳದ್ದು ಅನ್ನಿಸುವ ಪುಸ್ತಕ ಕೊಟ್ಟು ನೋಡಿ, ಮುಟ್ಟುವುದೂ ಇಲ್ಲ.

ಸಚಿತ್ರ ಕಾದಂಬರಿ ಎಂದೂ ಕೆಲವರು ಬರೆಯುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಸಚಿತ್ರ ಅಂದರೆ ಜೊತೆಗೆ ಚಿತ್ರವೂ ಇದೆ ಎಂದಷ್ಟೇ. ಚಿತ್ರ ತೆಗೆದರೂ ಕಥೆ ಉಳಿಯುತ್ತದೆ. ಇಲ್ಲಿ ಚಿತ್ರ ತೆಗೆದರೆ ನಾಲ್ಕು ಹರಕು ಮಾತು ಉಳಿಯುತ್ತವೆ, ಯಾರು ಯಾರಿಗೆ ಹೇಳಿದರು ಅನ್ನುವುದೂ ಗೊತ್ತಾಗುವುದಿಲ್ಲ. ನಾಚಿಕೆ, ಹೊಟ್ಟೆಕಿಚ್ಚು, ಗೆಳೆಯ ದೂರವಾದ ಸಂಕಟ, ಇವನ್ನೆಲ್ಲ ಬಾಯಿಬಿಟ್ಟು ಹೇಳಲಾಗದ ವಯಸ್ಸು ಈ ಮಕ್ಕಳದು. ಪುಸ್ತಕದಲ್ಲೂ ಯಾರೂ ಹೇಳುವುದಿಲ್ಲ, ಮುಖದ ಮೇಲೆ ಕಾಣುತ್ತದೆ. ಈ ಪುಸ್ತಕಗಳು ಅವರಿಗೆ ಅಷ್ಟು ಹಿಡಿಸುವುದಕ್ಕೆ ಇದೇ ಕಾರಣ ಅಂತ ನನಗನ್ನಿಸುತ್ತದೆ.

ಹಾಗಾದರೆ ಚಿತ್ರಕಾದಂಬರಿ? ಹತ್ತಿರ ಬಂತು. ಆದರೆ 'ಕಾದಂಬರಿ'ಯ ಕಡೆಯಿಂದ ಇನ್ನೊಂದು ತೊಡಕು, ಅದು ಇಂಗ್ಲಿಷಿನಲ್ಲೇ ಹುಟ್ಟಿದ್ದು. ಗ್ರಾಫಿಕ್ ನಾವೆಲ್ ಎಂಬ ಪದವನ್ನು 1964ರಲ್ಲಿ ಕಾಮಿಕ್ಸ್ ವಿಮರ್ಶಕ ರಿಚರ್ಡ್ ಕೈಲ್ ಬಳಸಿದರು. 1978ರಲ್ಲಿ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಅವರ ಪುಸ್ತಕದ ಮುಖಪುಟದಲ್ಲಿ ಬಂದ ಮೇಲೆ ಅದು ಎಲ್ಲರ ಬಾಯಿಗೂ ಬಂತು. ಕಾಮಿಕ್ಸ್ ಅಂದರೆ ಮೂಗು ಮುರಿಯುವವರೂ ನಾವೆಲ್ ಅಂದರೆ ಕೈಗೆತ್ತಿಕೊಳ್ಳಲಿ ಅನ್ನುವ ಆಸೆಗೆ ಆ ಪದ ಕೆಲಸಕ್ಕೆ ಬಂತು. ಆದರೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆದ ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್' ಕಟ್ಟುಕಥೆಯೇ ಅಲ್ಲ, ನಾಜಿಗಳ ಶಿಬಿರದಿಂದ ಬದುಕಿ ಬಂದ ತಂದೆಯ ಬಾಳಿನ ಕಥೆ. ಅದರ ಬಗ್ಗೆ ಹೇಳುವಾಗ ಒಬ್ಬ ಹುಡುಗಿ ಕೇಳಿದಳು: 'ನಿಜವಾಗಿ ನಡೆದಿದ್ದು ಅಂದ್ರಲ್ಲ, ಮತ್ತೆ ಕಾದಂಬರಿ ಅಂತ ಯಾಕೆ ಕರೀತಾರೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗೆ ನೋಡಿದರೆ ಕಾದಂಬರಿ ಅನ್ನುವುದೇ ಬಾಣನ ಕಥಾನಾಯಕಿಯ ಹೆಸರು. ಅವಳ ಹೆಸರು ಇಡೀ ಪ್ರಕಾರಕ್ಕೆ ಅಂಟಿಕೊಂಡಿತು, ನಾವೂ ಒಪ್ಪಿಕೊಂಡೆವು. ಹಾಗಾಗಿ ಚಿತ್ರಕಾದಂಬರಿಯೂ ಒಂದು ದಿನ ಒಗ್ಗೀತು.

ಬೇರೆ ನುಡಿಯವರು ಏನು ಮಾಡಿದ್ದಾರೆ ನೋಡಿ. ಪೋರ್ಚುಗೀಸ್‌ನಲ್ಲಿ ಕಾಮಿಕ್ಸ್‌ಗೆ 'ಪುಟ್ಟ ಚೌಕಗಳ ಕಥೆ' ಎಂಬ ಅರ್ಥದ ಹೆಸರಿದೆ. ಇಟಲಿಯವರು ಮಾತಿನ ಗುಳ್ಳೆಗಳನ್ನು ನೋಡಿ 'ಪುಟ್ಟ ಹೊಗೆ' ಅಂದರು. ಚೀನೀ ಹೆಸರಿನ ಅರ್ಥ ಒಂದಕ್ಕೊಂದು ಕೊಂಡಿಯಾದ ಚಿತ್ರಗಳು. ಇವರೆಲ್ಲ ಪುಟವನ್ನೇ ನೋಡಿ ಹೆಸರಿಟ್ಟಿದ್ದಾರೆ. ನಮಗೂ ಹಾಗೊಂದು ಸಿಗಬಾರದೇ?

ಪ್ಯಾನೆಲ್‌ಗೆ ಸದ್ಯಕ್ಕೆ ಚೌಕ ಅನ್ನುತ್ತಿದ್ದೇನೆ. ದುಂಡಗಿನದೂ ಓರೆಯಾದದ್ದೂ ಇರುತ್ತವೆ, ಆದರೂ ನಡೆಯುತ್ತದೆ. ಮನಸ್ಸಿಗೆ ಹಿಡಿಸಿದ್ದು ಅಂಕಣ. ಹಳೆಯ ಮನೆಗಳಲ್ಲಿ ಎರಡು ಕಂಬಗಳ ನಡುವಿನ ಜಾಗಕ್ಕೆ ಅಂಕಣ ಅನ್ನುತ್ತಿದ್ದರು, ಪುಟದ ಮೇಲಿನ ಒಂದು ಕೋಣೆಗೆ ಅದು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆದರೆ ಅದನ್ನು ಪತ್ರಿಕೆಯವರು ತೆಗೆದುಕೊಂಡಿದ್ದಾರೆ.

ಈಗ ಮೂರನೆಯದು. ಚೌಕಗಳ ನಡುವಿನ ಖಾಲಿ ಪಟ್ಟಿಗೆ ಇಂಗ್ಲಿಷಿನಲ್ಲಿ ಗಟರ್ ಅನ್ನುತ್ತಾರೆ. ಹಾಗೇ ಕನ್ನಡಕ್ಕೆ ತಂದರೆ ಚರಂಡಿಯಾಗುತ್ತದೆ, ಬೇಡ. ಇದಕ್ಕೆ ಒಳ್ಳೆಯ ಹೆಸರು ಬೇಕೇಬೇಕು, ಯಾಕೆಂದರೆ ಓದುವ ಕೆಲಸವೆಲ್ಲ ನಡೆಯುವುದು ಇಲ್ಲೇ. ತರಗತಿಯಲ್ಲಿ ಒಂದು ದಿನ ಬೋರ್ಡಿನ ಮೇಲೆ ಎರಡು ಚೌಕ ಬರೆದೆ. ಮೊದಲನೆಯದರಲ್ಲಿ ಹುಡುಗನೊಬ್ಬ ಬಾಗಿಲ ಚಿಲಕದ ಮೇಲೆ ಕೈ ಇಟ್ಟಿದ್ದಾನೆ, ಕೆಳಗೆ ಎರಡು ಜೊತೆ ಚಪ್ಪಲಿ. ಎರಡನೆಯದರಲ್ಲಿ ಬಾಗಿಲು ಮುಚ್ಚಿದೆ, ಒಂದೇ ಜೊತೆ ಚಪ್ಪಲಿ. ಏನಾಯಿತು ಅಂದೆ. ಹುಡುಗ ಮನೆ ಬಿಟ್ಟು ಹೋದ ಅಂದರು ಕೆಲವರು. ಇಲ್ಲ, ಮನೆಯಲ್ಲಿದ್ದ ಇನ್ನೊಬ್ಬರು ಹೋದರು, ಇವನು ಬಾಗಿಲು ಹಾಕಿಕೊಂಡ ಅಂದ ಒಬ್ಬ. ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು, ಚಪ್ಪಲಿ ಯಾರದ್ದು ಅಂತ ಅಳತೆ ನೋಡಿ ಹೇಳಬಹುದು ಅಂದಳು. ಇದು ಸುಲಭದ ಓದು, ಸೋಮಾರಿಗಳ ಓದು ಅನ್ನುವವರು ಆ ಅರ್ಧ ಗಂಟೆ ಅಲ್ಲಿ ಇರಬೇಕಿತ್ತು.

ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಬರೆದರು. ಹೀಗೆ ಓದುಗರು ನಡುವಿನದನ್ನು ತುಂಬಿಕೊಳ್ಳುವುದಕ್ಕೆ ಅವರು ಕ್ಲೋಷರ್ ಎಂಬ ಪದ ಬಳಸುತ್ತಾರೆ. ಮುಕ್ತಾಯ ಎಂದರೆ ಅರ್ಥ ಕೆಡುತ್ತದೆ, ಪೂರಣ ಎಂದರೆ ಹೂರಣದ ಹಾಗೆ ಕೇಳಿಸುತ್ತದೆ.

ನನಗೆ ಹೊಳೆದದ್ದು ಸಂದು. ಹಲ್ಲಿನ ಸಂದು, ಕಲ್ಲಿನ ಸಂದು ಅನ್ನುವಾಗ ಅದು ಬಿರುಕು. ಮೈಯ ಸಂದು ಅಂದರೆ ಕೀಲು, ಎರಡನ್ನು ಕೂಡಿಸುವ ಜಾಗ. ಬಿಡಿಸುವುದಕ್ಕೂ ಕೂಡಿಸುವುದಕ್ಕೂ ಒಂದೇ ಪದ, ಗಟರ್ ಮಾಡುವ ಕೆಲಸವೂ ಅದೇ. ಅದರ ಹಿಂದೆಯೇ ವ್ಯಾಕರಣದ ಸಂಧಿ ಇದೆ. ಇದನ್ನು ಹೇಳುತ್ತಿದ್ದಾಗ ಮಕ್ಕಳೇ ಮುಂದಕ್ಕೆ ಎಳೆದುಕೊಂಡು ಹೋದರು. ಮನೆ ಮತ್ತು ಅನ್ನು ಸೇರಿ ಮನೆಯನ್ನು ಆದಾಗ ಎರಡರಲ್ಲೂ ಇಲ್ಲದ ಯಕಾರ ಬರುತ್ತದಲ್ಲ, ಹಾಗೆ ಇಲ್ಲೂ ಎರಡು ಚಿತ್ರದಲ್ಲಿ ಇಲ್ಲದ್ದು ನಡುವೆ ಬಂತು, ಇದು ಆಗಮ ಸಂಧಿ ಅಂದ ಒಬ್ಬ. ಪಕ್ಕದವಳು ಬಿಡಲಿಲ್ಲ: 'ಬರೆದವರು ನಡುವಿನದನ್ನ ಬಿಟ್ಟಿದ್ದಾರೆ, ಹಂಗಾದ್ರೆ ಇದು ಲೋಪ.' ಕೊನೆಗೆ ಬರೆದವರಿಗೆ ಲೋಪ, ಓದುವವರಿಗೆ ಆಗಮ ಅಂತ ಅವರವರೇ ಒಪ್ಪಂದಕ್ಕೆ ಬಂದರು. ಸಂಧಿ ಪಾಠದಲ್ಲಿ ಇಷ್ಟು ಉತ್ಸಾಹವನ್ನು ನಾನು ಹಿಂದೆ ಕಂಡಿರಲಿಲ್ಲ.

ಹಾಗಾಗಿ ಗಟರ್‌ಗೆ ಸಂದು, ಕ್ಲೋಷರ್‌ಗೆ ಆಗಮ ಎಂದು ಬಳಸಲು ಶುರು ಮಾಡಿದ್ದೇನೆ. ಇದು ಸರಿಯೇ? ಆಗಮ ಅಂದ ಕೂಡಲೇ ದೇವಸ್ಥಾನದ ಆಗಮಶಾಸ್ತ್ರ ಅಡ್ಡ ಬರುತ್ತದೆಯೇ? ಸಂದು ಬದಲು ತೆರಪು ವಾಸಿಯೇ? ಚಿತ್ರ ಬರೆಯುವವರು, ಪುಟ ಕಟ್ಟುವವರು ಇಲ್ಲಿದ್ದರೆ ಕೆಲಸ ಮಾಡುವಾಗ ನಿಮ್ಮ ನಿಮ್ಮಲ್ಲಿ ಈ ಖಾಲಿ ಜಾಗಕ್ಕೆ ಏನಂತೀರಿ, ದಯವಿಟ್ಟು ತಿಳಿಸಿ. ನಿಮ್ಮ ಕಡೆ ಸಂದು ಅನ್ನುವುದಕ್ಕೆ ತರಗತಿಯಲ್ಲಿ ಆಡಬಾರದ ಅರ್ಥ ಏನಾದರೂ ಇದ್ದರೆ ಅದನ್ನೂ ಈಗಲೇ ಹೇಳಿಬಿಡಿ.