‘ಭವಿ’ ಅಂದರೆ ಯಾರು? ಹುಟ್ಟಿನ ಮಾತೋ, ಲಿಂಗದ ಮಾತೋ?

ಹೋದ ತಿಂಗಳು ಜಮಖಂಡಿಯ ನಮ್ಮ ಲಿಂಗಾಯತ ಮನೆಯಲ್ಲಿ ಒಂದು ಪದದಿಂದ ಹೂರಣ ತಳ ಹಿಡಿಯಿತು. ಅದೇ ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ತಮ್ಮನ ಹೆಂಡತಿ ಬೇರೆ ಜಾತಿಯ ಮನೆಯಿಂದ ಬಂದವಳು. ಮದುವೆಗೆ ಮುಂಚೆ ಅಯ್ಯನವರು ಬಂದು ಅವಳಿಗೆ ಲಿಂಗ ಕಟ್ಟಿ, ದೀಕ್ಷೆ ಕೊಟ್ಟರು. ಅವತ್ತು ಹಬ್ಬ. ಹೋಳಿಗೆಯ ಹೂರಣ ಒಲೆ ಮೇಲಿತ್ತು. ಅವಳು ಸೌಟಿಗೆ ಕೈ ಹಾಕಿದಳು. ದೇವರಿಗೆ ಎಡೆ (ನೈವೇದ್ಯ) ಇನ್ನೂ ಆಗಿರಲಿಲ್ಲ. ನಮ್ಮ ಸೋದರತ್ತೆ ಅಲ್ಲೇ ತಡೆದರು.

“ಎಡಿ ಆಗೂತನಕಾ ಮುಟ್ಟಬ್ಯಾಡವಾ. ಭವಿ ಕೈ.”

“ಅತ್ತ್ಯಾರ, ನಂಗೂ ಲಿಂಗಾ ಕಟ್ಟ್ಯಾರಲ್ರಿ?” ಅಂದವಳು ಸೆರಗಿನೊಳಗಿಂದ ಲಿಂಗ ಇಡುವ ಬೆಳ್ಳಿ ಗುಂಡಗಡಗಿ ತೆಗೆದು ತೋರಿಸಿದಳು.

“ಕಟ್ಟಿದ್ದು ಖರೆ. ಹುಟ್ಟಿದ್ದು?”

ಅಲ್ಲಿಗೆ ಇಬ್ಬರೂ ಸುಮ್ಮನಾದರು. ಹೂರಣ ಯಾರೂ ತಿರುವಲಿಲ್ಲ.

ಅತ್ತೆ ಹೇಳಿದ್ದು ಸರಿಯೋ ತಪ್ಪೋ ಅನ್ನೋದು ಮನೆಯ ಮಾತು, ಅದನ್ನು ನಾವು ನೋಡಿಕೊಳ್ಳುತ್ತೇವೆ. ನನ್ನ ತಲೆ ಕೊರೆಯುತ್ತಿರೋದು ಪದ. ‘ಭವಿ’ ಅನ್ನೋದು ಹುಟ್ಟಿನಿಂದ ಅಂಟಿಕೊಳ್ಳುವ ಹೆಸರೋ, ಕಳಚಿಡಬಹುದಾದ ಹೆಸರೋ?

ಮೂಲ ನೋಡಿದರೆ ತಮಾಷೆಯಾಗಿದೆ. ಭವ ಅಂದರೆ ಹುಟ್ಟು, ಇರವು, ಸಂಸಾರ. ಭವಿ ಅಂದರೆ ಅದರಲ್ಲಿ ಸಿಕ್ಕಿಕೊಂಡವರು. ಹಾಗಾಗಿ ಪದದೊಳಗೆ ಹುಟ್ಟು ಇದೆ, ಅತ್ತೆಗೆ ಅಷ್ಟು ಅಂಕ ಕೊಡಬೇಕು. ಆದರೆ ಯಾವ ಮನೆಯಲ್ಲಿ ಹುಟ್ಟಿದರು ಅನ್ನೋದು ಅದರಲ್ಲಿ ಇಲ್ಲ. ಹುಟ್ಟಿದವರೆಲ್ಲ ಭವಿಗಳೇ. ಅತ್ತೆಯೂ ಹುಟ್ಟಿದಾಗ ಭವಿಯೇ ಆಗಿದ್ದರು, ತೊಟ್ಟಿಲಲ್ಲಿ ಲಿಂಗ ಕಟ್ಟುವತನಕ.

ವಚನಗಳಲ್ಲಿ ಈ ಪದ ಒಂಟಿಯಾಗಿ ಬರೋದು ಕಡಿಮೆ. ಎದುರಿಗೆ ‘ಭಕ್ತ’ ಇರುತ್ತಾನೆ. ಲಿಂಗ ಇದ್ದವನು ಭಕ್ತ, ಇಲ್ಲದವನು ಭವಿ. ಇದರಲ್ಲಿ ಮೇಲುಜಾತಿ, ಕೀಳುಜಾತಿ ಲೆಕ್ಕ ಕೂಡುವುದೇ ಇಲ್ಲ. ಬಸವಣ್ಣನ ವಚನದಲ್ಲೇ ‘ಭವಿ ಬಿಜ್ಜಳ’ ಅಂತ ಬರುತ್ತದೆ. ಬಿಜ್ಜಳ 12ನೇ ಶತಮಾನದಲ್ಲಿ ಕಲ್ಯಾಣದ ಸಿಂಹಾಸನದಲ್ಲಿ ಕೂತ ಅರಸ, ಬಸವಣ್ಣ ಅವನ ಭಂಡಾರಿ. ಗದ್ದುಗೆ ಮೇಲೆ ಕೂತವನು ಭವಿ. ಕೀಳು ಅನ್ನಿಸಿಕೊಂಡ ಜಾತಿಗಳಿಂದ ಬಂದ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಭಕ್ತರು. ಅತ್ತೆಯ ಅಡುಗೆಮನೆಯ ಲೆಕ್ಕದಲ್ಲಿ ಇದು ಪೂರಾ ತಲೆಕೆಳಗು, ಅಲ್ವಾ?

ಇನ್ನೂ ಒಂದು ಸುಳಿವು ‘ಲಿಂಗವಂತ’ ಪದದಲ್ಲಿದೆ. ಹಣವಂತ, ಗುಣವಂತ ಇದ್ದ ಹಾಗೆ ಇದೂ. ಹಣ ಹೋದರೆ ಹಣವಂತನ ಮಗ ಹಣವಂತನಾಗಿ ಉಳಿಯೋದಿಲ್ಲ. ‘-ವಂತ’ ಹೇಳೋದು ಈಗ ಏನಿದೆ ಅನ್ನೋದನ್ನು, ಅಪ್ಪನ ಹತ್ತಿರ ಏನಿತ್ತು ಅನ್ನೋದನ್ನಲ್ಲ. ‘ಲಿಂಗಾಯತ’ದ ‘ಆಯತ’ವೂ ಹಾಗೆಯೇ. ಆಯತ, ಸ್ವಾಯತ, ಸನ್ನಿಹಿತ ಅಂತ ಮೂರು ಮೆಟ್ಟಿಲು ವಚನಗಳಲ್ಲಿ ಬರುತ್ತವೆ. ಮೊದಲು ಲಿಂಗ ಮೈಮೇಲೆ ಬರಬೇಕು, ಆಮೇಲೆ ತನ್ನದಾಗಬೇಕು, ಕಡೆಗೆ ಒಳಗೆ ನೆಲೆ ನಿಲ್ಲಬೇಕು. ಅಂದರೆ ಕಟ್ಟಿದ್ದು ಬರೀ ಮೊದಲ ಮೆಟ್ಟಿಲು. ಹುಟ್ಟು ಈ ಮೂರರಲ್ಲಿ ಯಾವುದೂ ಅಲ್ಲ.

ಇಲ್ಲಿ ನನ್ನದೇ ಕತೆ ಹೇಳಬೇಕು, ನಾಚಿಕೆ ಬಿಟ್ಟು. ನನಗೂ ಕೂಸಿದ್ದಾಗಲೇ ಲಿಂಗ ಕಟ್ಟಿದ್ದಾರೆ. ಅದು ಈಗ ದೇವರ ಜಗುಲಿ ಮೇಲೆ ಡಬ್ಬಿಯಲ್ಲಿದೆ. ಡಬ್ಬಿಯ ಮುಚ್ಚಳ ತೆಗೆದು ಎಷ್ಟು ವರ್ಷ ಆಯಿತೋ. ಅಂಗಿಯೊಳಗೆ ಇರೋದು ಬನಿಯನ್ ಮಾತ್ರ. ಆ ಹುಡುಗಿ ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಾಳೆ. ಹಳೆಯ ಅರ್ಥ ಹಿಡಿದರೆ ಅವತ್ತು ಆ ಅಡುಗೆಮನೆಯಲ್ಲಿದ್ದ ಭವಿ ನಾನೇ. ಹೂರಣದಲ್ಲಿ ಬೆರಳದ್ದಿ ರುಚಿ ನೋಡಿದವನೂ ನಾನೇ. ನನಗೆ ಯಾರೂ ಏನೂ ಅನ್ನಲಿಲ್ಲ.

ಹಾಗಾದರೆ ಪದ ಯಾವಾಗ ಹೊರಳಿತು? ನನ್ನ ಊಹೆ ಇಷ್ಟು. ಕೂಸಿಗೇ ಲಿಂಗ ಕಟ್ಟುವ ರೂಢಿ ಬಂದ ಮೇಲೆ ಹುಟ್ಟು ಮತ್ತು ದೀಕ್ಷೆ ಒಂದಕ್ಕೊಂದು ಅಂಟಿಕೊಂಡವು. ನಮ್ಮವರ ಮಗು ಅಂದರೆ ಲಿಂಗ ಇದ್ದೇ ಇರುತ್ತದೆ, ಅವರ ಮಗು ಅಂದರೆ ಇರೋದಿಲ್ಲ. ನಾಲ್ಕು ತಲೆಮಾರು ಹೀಗೇ ನಡೆದರೆ ‘ಲಿಂಗ ಇಲ್ಲದವರು’ ಅನ್ನೋದು ‘ನಮ್ಮವರಲ್ಲದವರು’ ಆಗಿಬಿಡುತ್ತದೆ. ಪದ ಬದಲಾಗಲಿಲ್ಲ, ಬೇರು ಮಾತ್ರ ಬೇರೆ ಮಣ್ಣಿಗೆ ಹೋಯಿತು.

ಹುಟ್ಟಿಗೂ ಸಂಸ್ಕಾರಕ್ಕೂ ಈ ಗೋಜಲು ನಮ್ಮಲ್ಲಿ ಮಾತ್ರ ಇಲ್ಲ. ‘ದ್ವಿಜ’ ತಗೊಳ್ಳಿ. ಎರಡು ಸಲ ಹುಟ್ಟಿದವನು. ಹಕ್ಕಿಗೂ ಬಾಯೊಳಗಿನ ಹಲ್ಲಿಗೂ ಅದೇ ಹೆಸರು, ಎರಡೂ ಎರಡು ಸಲ ಹುಟ್ಟುತ್ತವೆ ಅಂತ. ಮುಂಜಿ ಆದ ಮೇಲೆ ಎರಡನೇ ಹುಟ್ಟು, ಆದರೆ ಮುಂಜಿ ಮಾಡಬೇಕಾದರೆ ಮೊದಲನೇ ಹುಟ್ಟು ಎಲ್ಲಿ ಆಯಿತು ಅಂತ ಕೇಳುತ್ತಾರೆ. ಇನ್ನು ‘ಮುಂಜಿ’ ಪದದ್ದೇ ಒಂದು ಸ್ವಾರಸ್ಯ. ಮುಂಜ ಅನ್ನುವ ಹುಲ್ಲಿನ ಉಡಿದಾರದಿಂದ ಬಂದ ಹೆಸರು, ಆದರೆ ಮುಸಲ್ಮಾನರ ಮನೆಯ ಸುನ್ನತಿಗೂ ಮಾತಿನಲ್ಲಿ ‘ಮುಂಜಿ’ ಅನ್ನುವವರಿದ್ದಾರೆ. ಕ್ರೈಸ್ತರ ‘ದೀಕ್ಷಾಸ್ನಾನ’ದಲ್ಲಿ ನಮ್ಮ ‘ದೀಕ್ಷೆ’ಯೇ ಕೂತಿದೆ. ಧರ್ಮ ಬೇರೆಯಾದರೂ ಪದಗಳು ನೆರೆಮನೆಯಿಂದ ಕೈಗಡ ಬರುತ್ತವೆ.

ಕೊನೆಗೆ ನನ್ನ ನಿಜವಾದ ಪ್ರಶ್ನೆ ಇನ್ನೊಂದು ಪದದ್ದು: ‘ಪೂರ್ವಾಶ್ರಯ’. ದೀಕ್ಷೆಗೆ ಮುಂಚಿನ ಜಾತಿ, ನೆಲೆ, ನಂಟು ಎಲ್ಲ ಸೇರಿಸಿ ವಚನಕಾರರು ಹೇಳೋದು ಇದನ್ನು. ಅದನ್ನು ಕಳೆದ ಮೇಲೆ ಮತ್ತೆ ಎತ್ತಿ ಆಡಬಾರದು ಅನ್ನೋದು ಅವರ ಮಾತು. ಅತ್ತೆ “ಹುಟ್ಟಿದ್ದು?” ಅಂದರಲ್ಲ, ಅದಕ್ಕೆ ಇದಕ್ಕಿಂತ ಸರಿಯಾದ ಹೆಸರು ನನಗೆ ಸಿಗಲಿಲ್ಲ. ಆದರೆ ಈಗ ಪತ್ರಿಕೆಗಳಲ್ಲಿ ಕಾಣೋದು ‘ಪೂರ್ವಾಶ್ರಮ’ ಮಾತ್ರ, ಅದೂ ಸ್ವಾಮಿಗಳ ತಾಯಿ, ತಮ್ಮಂದಿರ ಸುದ್ದಿ ಬಂದಾಗ. ಎರಡೂ ಬೇರೆ ಬೇರೆ ಪದಗಳು. ಒಂದು ಸನ್ಯಾಸಿಗೆ, ಇನ್ನೊಂದು ಮನೆ ಮಠ ಮಾಡಿಕೊಂಡ ಭಕ್ತರಿಗೂ ಸಲ್ಲುವಂಥದ್ದು.

ಬಾಗೇವಾಡಿ, ಹುನಗುಂದ, ಇಳಕಲ್ ಕಡೆಯವರು ಯಾರಾದರೂ ‘ಪೂರ್ವಾಶ್ರಯ’ವನ್ನು ಆಡುಮಾತಿನಲ್ಲಿ ಕೇಳಿದ್ದೀರಾ? ಮನೆಯ ಹಿರಿಯರ ಬಾಯಲ್ಲಿ, ಬೇರೆ ಯಾವುದಾದರೂ ರೂಪದಲ್ಲಾದರೂ ಸರಿ. ಹಾಗೆಯೇ ನಿಮ್ಮ ಮನೆಗಳಲ್ಲಿ ಲಿಂಗ ಬಿಟ್ಟವನಿಗೆ ಏನಂತಾರೆ? ಅವನಿಗೂ ಭವಿ ಅಂತಾರಾ? ನಮ್ಮ ಅತ್ತೆಯನ್ನು ಕೇಳಿದೆ. “ನಿನಗೇನ ಅಂತಾರ, ಮೈಗಳ್ಳ ಅಂತಾರ” ಅಂದರು.