ತಲೆಗೆ ಏಟು, ಕುತ್ತಿಗೆ ನೋವು: ಕನ್‌ಕಷನ್ ಯಾವುದು, ರಕ್ತನಾಳದ ಸೀಳು ಯಾವುದು? ಬಲ್ಲವರು ತಿಳಿಸಿ

ಪ್ರಶ್ನೆ (ಫಿಸಿಯೊಥೆರಪಿಸ್ಟ್, ದಾವಣಗೆರೆ):
ಬೈಕಿನಿಂದ ಬಿದ್ದು ಹತ್ತು ಹದಿನೈದು ದಿನ ಕಳೆದ ಮೇಲೆ ಕುತ್ತಿಗೆ ನೋವು, ತಲೆಸುತ್ತು ಅಂತ ಬರುವವರು ನಮ್ಮಲ್ಲಿ ಬಹಳ. ಕೈಯಲ್ಲಿ ‘ಸಿಟಿ ಬ್ರೈನ್ ನಾರ್ಮಲ್’ ರಿಪೋರ್ಟ್ ಇರುತ್ತದೆ. ಇವರಲ್ಲಿ ಕನ್‌ಕಷನ್ (ಏಟಿನಿಂದ ಮೆದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು) ಆದವರು ಯಾರು, ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾದವರು ಯಾರು ಎಂದು ಗುರುತಿಸುವುದನ್ನು ಕಾಲೇಜಿನ ಪಾಠಕ್ಕಿಂತ ಆಳವಾಗಿ ಕಲಿಯಬೇಕು. ಏನನ್ನು ಮೊದಲು ಕಲಿಯಲಿ, ಹೇಗೆ ಅಭ್ಯಾಸ ಮಾಡಲಿ?

ಉತ್ತರ 1 (ತುರ್ತು ಚಿಕಿತ್ಸಾ ವೈದ್ಯೆ, ಮೈಸೂರು):
ಮೊದಲು ಆ ರಿಪೋರ್ಟನ್ನು ಓದುವುದು ಕಲಿಯಿರಿ. ಬರೀ ಸಿಟಿ ಬ್ರೈನ್ ತಲೆಯೊಳಗಿನ ರಕ್ತಸ್ರಾವ, ಮೂಳೆ ಮುರಿತ ತೋರಿಸುತ್ತದೆ. ಕನ್‌ಕಷನ್ ಅದರಲ್ಲಿ ಕಾಣುವುದಿಲ್ಲ. ಮೆದುಳಿಗೆ ರಕ್ತ ಒಯ್ಯುವ, ಕುತ್ತಿಗೆಯ ಮುಂಭಾಗದ ಕೆರೊಟಿಡ್, ಹಿಂಭಾಗದ ವರ್ಟಿಬ್ರಲ್ ರಕ್ತನಾಳಗಳ ಒಳಪದರ ಸೀಳಿದ್ದರೂ ಕಾಣುವುದಿಲ್ಲ. ಹಾಗಾಗಿ ನಾರ್ಮಲ್ ಎಂದರೆ ನಿಮ್ಮ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಕ್ಕಿಲ್ಲ ಎಂದೇ ಅರ್ಥ.

ಕ್ರಮ ಇದು: ರಕ್ತನಾಳ ಮೊದಲು, ಕುತ್ತಿಗೆಯ ಮೂಳೆ ಆಮೇಲೆ, ಕನ್‌ಕಷನ್ ಕೊನೆಗೆ. ಸೀಳಿದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿ ಸ್ಟ್ರೋಕ್ ಆಗಲು ಕೆಲವು ಗಂಟೆ ಸಾಕು, ಕೆಲವರಲ್ಲಿ ದಿನಗಳು, ವಾರಗಳೇ ಹಿಡಿಯುತ್ತವೆ. ನಿಮ್ಮಲ್ಲಿಗೆ ಬರುವವರು ಆ ಅವಧಿಯಲ್ಲೇ ಇರುತ್ತಾರೆ.

ಬಿದ್ದ ಬಗೆಯನ್ನು ಬಿಡಿಸಿ ಕೇಳಿ. ಗದ್ದಕ್ಕೆ ಪೆಟ್ಟು ಬಿದ್ದು ಕತ್ತು ಹಿಂದಕ್ಕೆ ಬಾಗಿ ತಿರುಚಿಕೊಂಡಿತೇ? ಸೀಟ್ ಬೆಲ್ಟಿನ ಗೀರು ಕುತ್ತಿಗೆ ಮೇಲಿದೆಯೇ? ವೇಲ್ ಅಥವಾ ಸೆರಗು ಚಕ್ರಕ್ಕೆ ಸಿಕ್ಕಿ ಕತ್ತು ಬಿಗಿದಿತ್ತೇ? ಕೊನೆಯದನ್ನು ರೋಗಿಗಳು ತಾವಾಗಿ ಹೇಳುವುದು ಕಡಿಮೆ. ಕುತ್ತಿಗೆಯ ಮೇಲಿನ ಮೂರು ಮೂಳೆಗಳ (ಸಿ1ರಿಂದ ಸಿ3) ಮುರಿತ, ವರ್ಟಿಬ್ರಲ್ ನಾಳ ಹಾಯುವ ಮೂಳೆರಂಧ್ರಕ್ಕೆ ತಲುಪಿದ ಮುರಿತ, ಕೆರೊಟಿಡ್ ಹಾಯುವ ಮೂಳೆಯ ನಾಲೆಯನ್ನು ಮುಟ್ಟಿದ ತಲೆಬುರುಡೆಯ ತಳದ ಮುರಿತ, ಮುಖದ ನಡುಭಾಗದ ದೊಡ್ಡ ಮುರಿತ (ಲೆ ಫೋರ್ಟ್ 2 ಅಥವಾ 3), ಸಿಟಿ ಬ್ರೈನಿಗೆ ತಾಳೆಯಾಗದ ನರದೌರ್ಬಲ್ಯ: ಯಾರ ರಕ್ತನಾಳ ಪರೀಕ್ಷಿಸಬೇಕು ಎಂದು ಹೇಳುವ ಡೆನ್ವರ್ ಮಾನದಂಡದ ಈ ಪಟ್ಟಿಯಲ್ಲಿ ಒಂದಿದ್ದರೂ ಕುತ್ತಿಗೆಯ ಸಿಟಿ ಆಂಜಿಯೊ (ರಕ್ತನಾಳ ತೋರಿಸುವ ಸಿಟಿ) ಬೇಕು. ಹಳೆಯ ರಿಪೋರ್ಟಿನಲ್ಲಿ ಈ ಪದಗಳನ್ನು ಹುಡುಕುವುದೇ ನಿಮ್ಮ ಮೊದಲ ಅಭ್ಯಾಸವಾಗಲಿ.

ಆಂಜಿಯೊ ರಿಪೋರ್ಟಿನಲ್ಲಿ ನಾಳದ ಪೆಟ್ಟು ಎಷ್ಟು ಎಂದು ಹೇಳುವ ಬಿಫ್ಲ್ ದರ್ಜೆ ಬರೆದಿರಬಹುದು. 1 ಎಂದರೆ ನಾಳ ಕಿರಿದಾದದ್ದು 25 ಪ್ರತಿಶತಕ್ಕಿಂತ ಕಡಿಮೆ. 2 ಎಂದರೆ ಅದಕ್ಕಿಂತ ಹೆಚ್ಚು, ಇಲ್ಲವೇ ಒಳಗೆ ಹೆಪ್ಪು ಅಥವಾ ಎದ್ದ ಪದರ. 3 ಹುಸಿ ಉಬ್ಬು, 4 ಪೂರ್ತಿ ಮುಚ್ಚಿದ್ದು, 5 ತುಂಡಾದದ್ದು. 1 ಎಂದರೆ ‘ಸಣ್ಣದು, ಬಿಡಿ’ ಎಂದಲ್ಲ. ಅದೂ ಮುಂದಿನ ದಿನಗಳಲ್ಲಿ ಬಲಿಯಬಹುದು.

ಉತ್ತರ 2 (ನರರೋಗ ತಜ್ಞ, ಬೆಂಗಳೂರು):
ಮೇಡಂ ಹೇಳಿದ ಪಟ್ಟಿಯಲ್ಲಿ ಏನೂ ಇಲ್ಲದವರಲ್ಲೂ ಡಿಸೆಕ್ಷನ್ (ರಕ್ತನಾಳದ ಸೀಳು) ಆಗುತ್ತದೆ. ಅಲ್ಲಿ ಹಿಡಿದುಕೊಡುವುದು ನಿಮ್ಮ ಕಣ್ಣು.

ಕೆರೊಟಿಡ್ ಸೀಳಿದರೆ ಅದೇ ಬದಿಯ ಕುತ್ತಿಗೆ, ಮುಖ, ಕಣ್ಣಿನ ಸುತ್ತ ನೋವು. ರೆಪ್ಪೆ 1–2 ಮಿಲಿಮೀಟರ್ ಮಾತ್ರ ಇಳಿದಿರುತ್ತದೆ, ಪಾಪೆ ಚಿಕ್ಕದಾಗಿರುತ್ತದೆ. ಈ ಎರಡು ಸೇರಿದ್ದೇ ಹಾರ್ನರ್ ಚಿಹ್ನೆ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಎರಡೂ ಪಾಪೆ ಒಂದೇ ಅಳತೆಯಲ್ಲಿ ಕಾಣುತ್ತವೆ, ತಪ್ಪುವುದು ಅಲ್ಲೇ. ಕೋಣೆ ಕತ್ತಲು ಮಾಡಿ, ಮೊಬೈಲ್ ಬೆಳಕನ್ನು ಗದ್ದದ ಕೆಳಗಿನಿಂದ ಓರೆಯಾಗಿ ಬಿಟ್ಟು, ದೀಪ ಆರಿಸಿದ 5ನೇ ಸೆಕೆಂಡಿಗೂ 15ನೇ ಸೆಕೆಂಡಿಗೂ ನೋಡಿ. ರೋಗದ ಬದಿಯ ಪಾಪೆ ನಿಧಾನವಾಗಿ ಅರಳುತ್ತದೆ. ರೆಪ್ಪೆ ಮೊದಲಿಂದಲೂ ಹಾಗೇ ಇತ್ತೋ ಎಂಬ ಅನುಮಾನಕ್ಕೆ ಮೊಬೈಲಿನಲ್ಲಿರುವ ಹಳೆಯ ಫೋಟೊ ಹಿಗ್ಗಿಸಿ ನೋಡಿದರೆ ಸಾಕು. ನಾಲಿಗೆ ಹೊರಚಾಚಿಸಿ, ಒಂದು ಬದಿಗೆ ವಾಲುತ್ತದೆಯೇ ಗಮನಿಸಿ. ‘ಕಿವಿಯಲ್ಲಿ ಗುಯ್ ಅನ್ನುತ್ತಾ, ನಾಡಿ ಬಡಿದ ಹಾಗೆ ಬಡಿಯುತ್ತಾ?’ ಎಂದು ಬೇರ್ಪಡಿಸಿ ಕೇಳಿ. ಎರಡನೆಯದು ಕೆರೊಟಿಡ್ ಕಡೆಗೆ ಬೊಟ್ಟು ಮಾಡುತ್ತದೆ.

ವರ್ಟಿಬ್ರಲ್ ಸೀಳಿದರೆ ಹಿಂದಲೆ, ಹಿಂಗತ್ತಿನಲ್ಲಿ ನೋವು. ‘ಇಂಥ ನೋವು ಯಾವತ್ತೂ ಬಂದಿರಲಿಲ್ಲ’ ಎಂಬ ಮಾತನ್ನು ಹಗುರವಾಗಿ ಎಣಿಸಬೇಡಿ. ಎಷ್ಟೋ ಸಲ ಮೊದಲ ದಿನಗಳಲ್ಲಿ ಅದೊಂದೇ ಲಕ್ಷಣ. ಆಮೇಲೆ ನಡಿಗೆ ವಾಲುವುದು, ನುಂಗಲು ಕಷ್ಟ, ಧ್ವನಿ ಒಡೆಯುವುದು, ಬಿಡದ ಬಿಕ್ಕಳಿಕೆ, ಮುಖದ ಒಂದು ಬದಿ ಮತ್ತು ಮೈಯ ಇನ್ನೊಂದು ಬದಿ ಬಿಸಿ-ತಂಪು ತಿಳಿಯದಿರುವುದು.

ನಮ್ಮ ಜನ ವಾಂತಿ-ತಲೆಸುತ್ತು ಎರಡನ್ನೂ ‘ಪಿತ್ತ’ ಎಂದುಬಿಡುತ್ತಾರೆ. ತಲೆಸುತ್ತು ಎಂದರೆ ಕೋಣೆ ತಿರುಗಿದ್ದೋ, ಎದ್ದಾಗ ಕಣ್ಣು ಕತ್ತಲೆ ಬಂದದ್ದೋ, ನಡೆವಾಗ ಜೋಲಿ ಹೊಡೆದದ್ದೋ ಎಂದು ಕೇಳಿ ಅವರ ಮಾತಲ್ಲೇ ಬರೆದುಕೊಳ್ಳಿ. ಜೋಲಿ ಹೊಡೆಯುವವರ ನಡಿಗೆ ನೋಡದೆ ಕಳಿಸಬೇಡಿ. ಪೆಟ್ಟಾದ ಮೇಲೆ ಎಲ್ಲಾದರೂ ಉಳುಕು ತೆಗೆಸಿದ್ದೀರಾ, ನೆಟಿಗೆ ತೆಗೆಸಿದ್ದೀರಾ ಎಂದೂ ಕೇಳಲೇಬೇಕು.

ಕುತ್ತಿಗೆ ಡಾಪ್ಲರ್ (ರಕ್ತನಾಳದ ಅಲ್ಟ್ರಾಸೌಂಡ್) ಸರಿ ಇದೆ ಎಂದು ಸಮಾಧಾನ ಪಡಬೇಡಿ. ತಲೆಬುರುಡೆಯ ತಳದ ಕೆರೊಟಿಡ್, ಅಟ್ಲಾಸ್ (ಕುತ್ತಿಗೆಯ ಮೊದಲ ಮೂಳೆ) ಸುತ್ತ ಬಳಸಿ ಹೋಗುವ ವರ್ಟಿಬ್ರಲ್ ಭಾಗ ಅದರಲ್ಲಿ ಸರಿಯಾಗಿ ಸಿಗುವುದಿಲ್ಲ, ಸೀಳುವುದು ಹೆಚ್ಚಾಗಿ ಅಲ್ಲಿಯೇ. ಎಂಆರ್‌ಐ ಆದರೆ ಕೊಬ್ಬಿನ ಬಿಳುಪು ಅಡಗಿಸಿ ತೆಗೆಯುವ ಟಿ1 (ಫ್ಯಾಟ್-ಸ್ಯಾಟ್) ಚಿತ್ರ ಕೇಳಿ. ಗೋಡೆಯೊಳಗಿನ ರಕ್ತ ಅರ್ಧಚಂದ್ರದಂತೆ ಬೆಳ್ಳಗೆ ಕಾಣುತ್ತದೆ, ಆದರೆ ಮೊದಲ ಎರಡು ಮೂರು ದಿನ ಕಾಣದೇ ಇರಬಹುದು.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಕತ್ತು ಹಿಂದಕ್ಕೆ ಬಾಗಿಸಿ, ತಿರುಗಿಸಿ ಹಿಡಿಯುವ ವರ್ಟಿಬ್ರಲ್ ಪರೀಕ್ಷೆ ಮಾಡಬಹುದಾ? ತಲೆ ತಿರುಗಿಸಿ ಸರಕ್ಕನೆ ಮಲಗಿಸಿ ತಲೆಸುತ್ತು ನೋಡುವ ಡಿಕ್ಸ್-ಹಾಲ್‌ಪೈಕ್?

ಉತ್ತರ 3 (ಮ್ಯಾನ್ಯುಯಲ್ ಥೆರಪಿ ಬೋಧಕಿ, ಮಣಿಪಾಲ):
ಮೊದಲನೆಯದನ್ನು ಕೈಬಿಡಿ. ಅದು ನಾರ್ಮಲ್ ಬಂದರೂ ಸೀಳಿಲ್ಲ ಎನ್ನಲಾಗದು, ಸೀಳಿದ್ದರೆ ಎಳೆದಂತಾಗುತ್ತದೆ. ಐಫಾಂಪ್ಟ್ (ಮ್ಯಾನ್ಯುಯಲ್ ಥೆರಪಿಸ್ಟರ ಅಂತರರಾಷ್ಟ್ರೀಯ ಒಕ್ಕೂಟ) 2020ರಲ್ಲಿ ತಂದ ಕುತ್ತಿಗೆ ಪರೀಕ್ಷೆಯ ಚೌಕಟ್ಟನ್ನು ಓದಿ. ಅದು ಒತ್ತು ಕೊಡುವುದು ಇತಿಹಾಸ, ರಕ್ತದೊತ್ತಡ, ಕಪಾಲ ನರಗಳ ಪರೀಕ್ಷೆಗೆ. ಬಿಪಿ ಯಂತ್ರ ಮೇಜಿನ ಮೇಲೇ ಇರಲಿ.

ಏಟಿನ ನಂತರ ಕಿವಿಯ ಹರಳು ಜಾರಿ ಬರುವ ತಲೆಸುತ್ತು ಸಾಮಾನ್ಯ, ಡಿಕ್ಸ್-ಹಾಲ್‌ಪೈಕ್ ಬೇಕೇ ಬೇಕು. ಆದರೆ ರಕ್ತನಾಳದ ಅನುಮಾನ ಕಳೆದ ಮೇಲೆ.

ಉತ್ತರ 4 (ಕ್ರೀಡಾ ಫಿಸಿಯೊ, ಹುಬ್ಬಳ್ಳಿ):
ಕನ್‌ಕಷನ್ ಭಾಗ ನಾನು ಹೇಳುತ್ತೇನೆ. ಎಲ್ಲರೂ ಸ್ಕ್ಯಾಟ್ 6 (ಕನ್‌ಕಷನ್ ಪರೀಕ್ಷೆಯ ನಮೂನೆ) ಇಟ್ಟುಕೊಂಡು ಕೂರುತ್ತಾರೆ. ಅದು ಮೊದಲ 72 ಗಂಟೆಗೆ ಸರಿ, ಹೆಚ್ಚೆಂದರೆ 7 ದಿನ. ನಿಮ್ಮ ಹದಿನೈದನೇ ದಿನದ ರೋಗಿಗೆ ಬೇಕಾದದ್ದು ಸ್ಕೋಟ್ 6, ನಂತರದ ದಿನಗಳಲ್ಲಿ ಕ್ಲಿನಿಕ್ಕಿನಲ್ಲಿ ಬಳಸುವ ನಮೂನೆ. ಎರಡೂ 2022ರ ಆಮ್‌ಸ್ಟರ್‌ಡ್ಯಾಂ ಕನ್‌ಕಷನ್ ಸಮ್ಮೇಳನದ ನಂತರ 2023ರಲ್ಲಿ ಬಂದವು.

ಲಕ್ಷಣಗಳು 22, ಪ್ರತಿಯೊಂದಕ್ಕೂ 0ರಿಂದ 6. ರೋಗಿಯೇ ಅಂಕ ಕೊಡಬೇಕು, ಪಕ್ಕದಲ್ಲಿ ಕೂತ ಅಣ್ಣನೋ ಹೆಂಡತಿಯೋ ಅಲ್ಲ. ಹತ್ತು ಪದಗಳನ್ನು ಸೆಕೆಂಡಿಗೆ ಒಂದರಂತೆ ಮೂರು ಸಲ ಓದಿ. ಆಮೇಲೆ ಮತ್ತೆ ಕೇಳುತ್ತೇನೆ ಎಂದು ಮುಂಚೆ ಬಾಯಿಬಿಡಬಾರದು, ಮತ್ತೆ ಕೇಳುವುದು ಕನಿಷ್ಠ 5 ನಿಮಿಷ ಬಿಟ್ಟು. ಇಂಗ್ಲಿಷ್ ಪದಗಳನ್ನು ಅಲ್ಲೇ ನಿಂತು ಕನ್ನಡ ಮಾಡಬೇಡಿ. ಒಬ್ಬರಿಗೆ ಒಂದು ಪದ, ಇನ್ನೊಬ್ಬರಿಗೆ ಇನ್ನೊಂದಾದರೆ ಅಂಕ ಹೋಲಿಸಲು ಬರುವುದಿಲ್ಲ. ಕ್ಲಿನಿಕ್ಕಿಗೆ ಒಂದೇ ಕನ್ನಡ ಪಟ್ಟಿ ಮಾಡಿಟ್ಟು, ಅದೇ ವಯಸ್ಸು, ಅಷ್ಟೇ ಓದಿನ ಆರೋಗ್ಯವಂತರಲ್ಲಿ ಮೊದಲು ಮಾಡಿ ನೋಡಿ. ತಿಂಗಳುಗಳನ್ನು ಹಿಂದಿನಿಂದ ಹೇಳಿಸುವುದೂ ಹಾಗೇ. ಜನವರಿ-ಡಿಸೆಂಬರ್ ಮುಂದಿನಿಂದಲೇ ಬಾರದವರಿಗೆ ಅದು ಮೆದುಳಿನ ಪರೀಕ್ಷೆ ಆಗುವುದಿಲ್ಲ.

ಸಮತೋಲನಕ್ಕೆ ಬರಿಗಾಲು, ಗಟ್ಟಿ ನೆಲ, ಸೊಂಟದ ಮೇಲೆ ಕೈ, ಕಣ್ಣು ಮುಚ್ಚಿ ಮೂರು ನಿಲುವು, ತಲಾ 20 ಸೆಕೆಂಡ್. ಪಾದ ಉಳುಕಿದವರಲ್ಲಿ ಒಂಟಿಕಾಲಿನ ಅಂಕ ಕೆಟ್ಟರೆ ಕಾರಣ ಪಾದವೇ ಇರಬಹುದು.

ವೋಮ್ಸ್‌ನಲ್ಲಿ (ಕಣ್ಣು, ತಲೆ ಆಡಿಸಿ ಲಕ್ಷಣ ಕೆರಳುತ್ತದೆಯೇ ನೋಡುವ ಪರೀಕ್ಷೆ) ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಈ ನಾಲ್ಕಕ್ಕೆ ಮೊದಲು 0–10 ಅಂಕ, ಆಮೇಲೆ ಪ್ರತಿ ಹಂತದ ನಂತರ ಮತ್ತೆ ಅಂಕ. ದೃಷ್ಟಿ ಒಂದುಗೂಡುವ ಬಿಂದು ಮೂರು ಸಲ ಅಳೆದು ಸರಾಸರಿ 5 ಸೆಂಟಿಮೀಟರ್ ಅಥವಾ ಹೆಚ್ಚು ಬಂದರೆ ಅಸಹಜ. ತಲೆ ಅಲ್ಲಾಡಿಸುವ ಹಂತಕ್ಕೆ ಮೆಟ್ರೊನೋಮ್ (ತಾಳದ ಯಂತ್ರ) ನಿಮಿಷಕ್ಕೆ 180 ಬಡಿತಕ್ಕೆ ಇಡಿ. ಮೆಟ್ರೊನೋಮ್ ಇಲ್ಲದೆ ಅಂದಾಜಿನಲ್ಲಿ ಮಾಡಿದರೆ ವೇಗ ಇಳಿದು ಲಕ್ಷಣ ತಪ್ಪಿಹೋಗುತ್ತದೆ. ಇದು ಕತ್ತನ್ನು ರಭಸವಾಗಿ ತಿರುಗಿಸುವ ಪರೀಕ್ಷೆ, ಅದಕ್ಕೇ ರಕ್ತನಾಳ, ಕುತ್ತಿಗೆ ಮೂಳೆಯ ಅನುಮಾನ ಕಳೆದ ಮೇಲೆ ಮಾತ್ರ.

ಮಲಗಿಸಿ 2 ನಿಮಿಷ, ನಿಲ್ಲಿಸಿ 1 ನಿಮಿಷದ ಬಿಪಿ, ನಾಡಿ ಬಿಡಬೇಡಿ. ಮೇಲಿನ ಬಿಪಿ 20 ಇಳಿದರೆ ‘ಕನ್‌ಕಷನ್ ತಲೆಸುತ್ತು’ ಎನ್ನುವ ಮೊದಲು ನೀರು, ಊಟ, ಮಾತ್ರೆಗಳ ಬಗ್ಗೆ ಕೇಳಿ.

ಅಭ್ಯಾಸ: ಮೊದಲು ಇಪ್ಪತ್ತು ಆರೋಗ್ಯವಂತರಲ್ಲಿ ಪೂರ್ತಿ ಕ್ರಮ, ಗಡಿಯಾರ ಇಟ್ಟು. ಆಮೇಲೆ ಇಬ್ಬರು ಸೇರಿ ಒಬ್ಬರನ್ನೇ ನೋಡಿ, ಬೇರೆ ಬೇರೆ ಬರೆದು ತಾಳೆ ನೋಡಿ. ಹೆಚ್ಚು ವ್ಯತ್ಯಾಸ ಬರುವುದು ಸಮತೋಲನದ ತಪ್ಪು ಎಣಿಸುವಲ್ಲಿ, ಅದನ್ನು ವಿಡಿಯೊ ಇಟ್ಟು ಸರಿಮಾಡಿಕೊಳ್ಳಿ.

ಉತ್ತರ 1ರವರು ಮತ್ತೆ:
ಕಳಿಸುವ ಚೀಟಿಯಲ್ಲಿ ‘ತಲೆಸುತ್ತು, ದಯವಿಟ್ಟು ನೋಡಿ’ ಎಂದು ಬರೆದರೆ ಮತ್ತೊಂದು ಸಿಟಿ ಬ್ರೈನ್ ಆಗಿ ವಾಪಸ್ ಬರುತ್ತಾರೆ. ಪೆಟ್ಟಾದ ದಿನ, ಬಗೆ, ನೋವು ಶುರುವಾದದ್ದು, ನೀವು ಕಂಡ ನರದ ಚಿಹ್ನೆ, ಬಿಪಿ ಬರೆದು, ‘ಡಿಸೆಕ್ಷನ್ ಅನುಮಾನ, ಅಯೋರ್ಟಾ ಕಮಾನಿನಿಂದ ನೆತ್ತಿಯವರೆಗೆ ಸಿಟಿ ಆಂಜಿಯೊ ಬೇಕು’ ಎಂದು ಸ್ಪಷ್ಟವಾಗಿ ಹಾಕಿ. ಮಾತು ತೊದಲುವುದು, ಮುಖ ವಾರೆ, ಕೈಕಾಲು ಸೋಲುವುದು ಕಂಡರೆ ಕೂಡಲೇ 108. ಕೊನೆಯದಾಗಿ ಸರಿಯಾಗಿದ್ದ ಸಮಯ ಗಂಟೆ-ನಿಮಿಷದಲ್ಲಿ ಬರೆಯಿರಿ, ಹೆಪ್ಪು ಕರಗಿಸುವ ಮದ್ದಿನ 4.5 ಗಂಟೆ ಎಣಿಸುವುದು ಅಲ್ಲಿಂದ. ಚಿತ್ರ ತೆಗೆಯುವ ಮೊದಲು ಆಸ್ಪಿರಿನ್ ಕೊಟ್ಟು ಕಳಿಸಬೇಡಿ, ರಕ್ತಸ್ರಾವ ಇಲ್ಲವೆಂದು ಖಾತ್ರಿಯಾಗಬೇಕು. ಬೈಕಿನ ಹಿಂದೆ ಕೂರಿಸಿಯೂ ಕಳಿಸಬೇಡಿ.